ಟೇಪಿನ ಕೆಳಗಿನ ಹೆಸರು

ನನ್ನ ಭಾವನಿಗೆ ತಲೆ ಸರಿ ಇಲ್ಲ ಎಂದು ನಾನು ಹೇಳುವುದಿಲ್ಲ. ಅಕ್ಕನ ಗಂಡ, ಮೇಲಾಗಿ ನನಗೆ ವೀಸಾ ತೆಗೆಸಿಕೊಟ್ಟು ಮಸ್ಕತ್ತಿಗೆ ಕರೆಸಿಕೊಂಡ ಮನುಷ್ಯ. ಉಂಡ ಮನೆಗೆ ಎರಡು ಬಗೆಯುವವನು ನಾನಲ್ಲ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ರೂವಿ ಪೇಟೆಯಲ್ಲಿ ಇದ್ದವರು, ಅವರ ಕ್ಯಾಮರಾದ ಎದುರು ಒಮ್ಮೆಯಾದರೂ ನಿಂತವರು ಯಾರಾದರೂ ಸಿಕ್ಕಿದರೆ ಕೇಳಿ ನೋಡಿ. ಅವರು ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ, ಅಷ್ಟೆ.

ಭಾವ ಏಸಿ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಶುಕ್ರವಾರ ರಜೆ. ಅಂದು ಅವರು ಫೋಟೋಗ್ರಾಫರ್. ನಮ್ಮ ತುಳುವರ ಮನೆಗಳ ಹುಟ್ಟುಹಬ್ಬ, ಸೀಮಂತ, ಗಣೇಶ ಚೌತಿ, ಕೂಟದವರ ನಾಟಕ, ಊರಿಗೆ ಕಳಿಸಲು ಒಂದು ಪಟ ಬೇಕೆಂದು ಬರುವ ಹೋಟೆಲಿನ ಅಡುಗೆಯವರು, ಎಲ್ಲಕ್ಕೂ ಅವರೇ. ಯಾರಿಂದಲೂ ಒಂದು ಬೈಸಾ ಮುಟ್ಟುತ್ತಿರಲಿಲ್ಲ. ಇಷ್ಟರಲ್ಲಿ ಹುಚ್ಚು ಎಲ್ಲಿದೆ ಎನ್ನುತ್ತೀರಾ? ಹುಚ್ಚು ಇದ್ದದ್ದು ಕ್ಯಾಮರಾದ ಹಣೆಯ ಮೇಲೆ. ಲೆನ್ಸಿನ ಮೇಲ್ಗಡೆ, ಕಂಪೆನಿಯ ಹೆಸರು ಬಿಳಿ ಅಕ್ಷರದಲ್ಲಿ ಹೊಳೆಯಬೇಕಾದ ಜಾಗದಲ್ಲಿ, ಭಾವ ಕರೆಂಟಿನವರು ವಯರಿಗೆ ಸುತ್ತುವ ಕಪ್ಪು ಟೇಪನ್ನು ಅಂಟಿಸಿಬಿಟ್ಟಿದ್ದರು.

ಅದು ಎಂಥ ಕಾಲ ಗೊತ್ತೇ? ಊರಿಗೆ ಹೋಗುವ ನಮ್ಮವರು ಕೂಲಿಂಗ್ ಗ್ಲಾಸಿನ ಸ್ಟಿಕ್ಕರನ್ನು ಕೀಳುತ್ತಿರಲಿಲ್ಲ. ಕಣ್ಣು ಅರ್ಧ ಕಾಣದಿದ್ದರೂ ಚಿಂತೆಯಿಲ್ಲ, ಕಂಪೆನಿಯ ಹೆಸರು ಊರವರಿಗೆ ಪೂರ್ತಿ ಕಾಣಬೇಕು. ಟೇಪ್ ರೆಕಾರ್ಡರಿನ ಮೇಲಿನ ಪ್ಲಾಸ್ಟಿಕ್ಕು ತಾನಾಗಿ ಹರಿದು ಹೋಗುವ ತನಕ ಅದಕ್ಕೆ ಕೈ ಹಚ್ಚುವಂತಿರಲಿಲ್ಲ. ಅಂಥ ಕಾಲದಲ್ಲಿ, ಗೋದಾಮಿನ ಒಂದೊಂದು ನಟ್ಟಿಗೂ ಹೆಸರು, ನಂಬರು ಬರೆದು ಅಂಟಿಸುವ ಈ ಮನುಷ್ಯ ತನ್ನ ಕ್ಯಾಮರಾದ ಹೆಸರನ್ನು ಮಾತ್ರ ಮುಚ್ಚಿಟ್ಟಿದ್ದರು. ಸೆಕೆಗೆ ಟೇಪಿನ ಅಂಚು ಎದ್ದರೆ ಮಲಗುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಹೊಸದನ್ನು ಅಂಟಿಸಿ ಬರುತ್ತಿದ್ದರು. ದೇವರಿಗೆ ಅಲಂಕಾರ ಬದಲಿಸುವಾಗ ಭಟ್ಟರು ಪರದೆ ಎಳೆಯುವುದಿಲ್ಲವೇ, ಹಾಗೆ.

ಯಾಕೆ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಕೆಳಗಿನ ಅಂಗಡಿಯ ಕಾಮತರಿಗೆ, "ಬೊಂಬಾಯಿ ಕಸ್ಟಮ್ಸಿನವರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ" ಎಂದಿದ್ದರು. ನೆರೆಮನೆಯ ಅಮ್ಮನಿಗೆ, "ದೃಷ್ಟಿ ಆಗ್ತದೆ." ಮೈಸೂರು ಕಡೆಯ ಎಂಜಿನಿಯರ್ ಒಬ್ಬರು ಸೊಹಾರಿನಿಂದ ಬಂದವರು ಭಾವನನ್ನು ಹೊಗಳಿಯೇಬಿಟ್ಟರು. "ಸಾರ್, ನೀವು ಪಕ್ಕಾ ಪ್ರೊಫೆಷನಲ್ಲು ಕಣ್ರೀ. ಗಾಜಿನ ಮುಂದೆ ನಿಂತ್ರೆ ಆ ಬಿಳಿ ಅಕ್ಷರ ಪ್ರತಿಬಿಂಬ ಬೀಳುತ್ತೆ, ಅದಕ್ಕೇ ದೊಡ್ಡ ದೊಡ್ಡ ಫೋಟೋಗ್ರಾಫರ್‌ಗಳೆಲ್ಲ ಮುಚ್ಚೋದು, ಅಲ್ವಾ?"

"ಹೌದು, ಅದೇ" ಎಂದರು ಭಾವ. ಮರುದಿನದಿಂದ ಅದೂ ಅವರ ಉತ್ತರಗಳ ಪಟ್ಟಿಗೆ ಸೇರಿತು.

ನನ್ನ ಅನುಮಾನ ಬೇರೆಯೇ ಇತ್ತು. ಅದು ಯಾವುದೋ ಡೂಪ್ಲಿಕೇಟ್ ಕ್ಯಾಮರಾ, ಮರ್ಯಾದೆ ಉಳಿಸಿಕೊಳ್ಳಲು ಟೇಪು! ಇದನ್ನು ಅಕ್ಕನಲ್ಲಿ ಹೇಳಿದರೆ ಅವಳು ಒಗ್ಗರಣೆ ಹಾಕುತ್ತಾ, "ನಿಂಗೆ ಬೇರೆ ಕೆಲಸ ಇಲ್ವಾ?" ಎಂದಳು.

ಒಮ್ಮೆ ಸೂರ್‌ಗೆ ಹೋಗಿದ್ದೆವು. ಅಲ್ಲಿ ಕಡಲ ಬದಿಯಲ್ಲಿ ಮರದ ಹಡಗು ಕಟ್ಟುತ್ತಾರೆ. ಮುದುಕ ಬಡಗಿಯೊಬ್ಬ ಭಾವನ ಕ್ಯಾಮರಾವನ್ನು ಕಂಡು ಕೆಲಸ ನಿಲ್ಲಿಸಿ ಹತ್ತಿರ ಬಂದ. ಟೇಪನ್ನು ಬೆರಳಿನಿಂದ ಸವರಿ, "ಟೂಟ್ ಗಯಾ?" ಎಂದು ತನಗೆ ಬರುವ ಹಿಂದಿಯಲ್ಲಿ ಬಹಳ ಮರುಕದಿಂದ ಕೇಳಿದ. ಭಾವ ಇಲ್ಲ ಎನ್ನುವಷ್ಟರಲ್ಲಿ ಅವನು ಹಲಗೆಯ ಸಂದಿಗೆ ಮೆತ್ತುವ ಅಂಟಿನ ಡಬ್ಬಿಯನ್ನೇ ಎತ್ತಿಕೊಂಡು ಬಂದಿದ್ದ! ಹಡಗಿಗೆ ನೀರು ನುಗ್ಗದಂತೆ ಮಾಡುವವನಿಗೆ ಒಂದು ಕ್ಯಾಮರಾ ಏನು ಮಹಾ? ಅದನ್ನು ಅವನ ಕೈಯಿಂದ ಬಿಡಿಸಿಕೊಳ್ಳಲು ನಾವು ಮೂರು ಲೋಟ ಕಹ್ವಾ ಕುಡಿದು, ಹನ್ನೆರಡು ಖರ್ಜೂರ ತಿಂದು, ಅವನ ಇಬ್ಬರು ಮಕ್ಕಳ ಪಟ ತೆಗೆದುಕೊಡಬೇಕಾಯಿತು.

ಪಟ ತೆಗೆಯುವುದೆಂದರೆ ಭಾವನಿಗೆ ಸುಲಭದ ಕೆಲಸವಲ್ಲ. ಅವರ ಇನ್ನೊಂದು ಹುಚ್ಚು ಅದು. ಎದುರಿಗಿರುವವರ ಕಣ್ಣು ಲೆನ್ಸಿನ ಗಾಜಿನ ನಟ್ಟನಡುವೆ ಬಂದು ಕೂರುವ ತನಕ ಅವರು ಗುಂಡಿ ಒತ್ತುವುದಿಲ್ಲ. "ಗಾಜು ನೋಡಿ, ಗಾಜು. ನನ್ನ ತಲೆ ಅಲ್ಲ. ಗಾಜಿನ ಒಳಗೆ ಒಬ್ಬರು ಇದ್ದಾರೆ ಅಂತ ಗ್ರಹಿಸಿ." ಒಂದು ಹುಟ್ಟುಹಬ್ಬದಲ್ಲಿ ಇವರು ಗಾಜು ಗಾಜು ಎನ್ನುವಷ್ಟರಲ್ಲಿ ಮೇಣದ ಬತ್ತಿ ಕರಗಿ ಕೇಕಿನ ಮೇಲೆ ಹರಿಯಿತು. ಮಗು ನಿದ್ದೆ ಹೋಯಿತು. ಆಮೇಲೆ ಕೇಕು ತಿಂದವರಿಗೆಲ್ಲ ಸ್ವಲ್ಪ ಸ್ವಲ್ಪ ಮೇಣವೂ ಸಿಕ್ಕಿತು.

ಇಷ್ಟು ಸಾಲದು ಎಂಬಂತೆ ಮನೆಯಲ್ಲಿ ಮೂರನೆಯ ಹುಚ್ಚೊಂದಿತ್ತು. ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲಿ, ಮೊಣಕಾಲೆತ್ತರದಲ್ಲಿ ಭಾವನದೇ ಒಂದು ಹಳೆಯ ಪಟ. ಮುತ್ರಾಹದ ಕಡಲ ಬದಿಯಲ್ಲಿ, ತೆಳ್ಳಗಿನ ಮೀಸೆ, ಅಗಲ ಕಾಲರಿನ ಅಂಗಿ. ಗೋಡೆಯಲ್ಲಿ ಅಷ್ಟು ಜಾಗವಿದ್ದರೂ ಅಲ್ಲಿಯೇ ಮೊಳೆ! ಬೂಟಿನ ಲೇಸು ಬಿಚ್ಚಲು ಬಗ್ಗಿದವರೆಲ್ಲ ಮನೆಯ ಯಜಮಾನರಿಗೆ ನಮಸ್ಕಾರ ಮಾಡಿಯೇ ಒಳಗೆ ಬರಬೇಕು. "ಮೇಲೆ ಹಾಕುವ, ಭಾವ" ಎಂದು ಒಮ್ಮೆ ನಾನೇ ಸುತ್ತಿಗೆ ಹಿಡಿದು ಹೊರಟಿದ್ದೆ. ಅವರು ಸುತ್ತಿಗೆಯನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಸ್ನಾನಕ್ಕೆ ಹೋದರು.

ಹೀಗಿರುವಾಗ ಊರಿನಿಂದ ಅಮ್ಮನ ಕಾಗದ ಬಂತು. ಕಾರ್ಕಳದ ಕಡೆಯ ಒಂದು ಹುಡುಗಿಯ ಮನೆಯವರು ನನ್ನ ಪಟ ಕೇಳುತ್ತಿದ್ದರಂತೆ. "ಪಾಸ್‌ಪೋರ್ಟಿನ ಫೋಟೋ ಕಳಿಸಬೇಡ. ಅದರಲ್ಲಿ ನೀನು ಕಳ್ಳನ ಹಾಗೆ ಕಾಣ್ತಿ. ಭಾವನ ಹತ್ರ ತೆಗೆಸು. ಅವರಿಗೆ ಇನ್ನೊಂದು ಸಂಬಂಧವೂ ಬಂದುಂಟು, ತಡ ಮಾಡಬೇಡ" ಎಂದು ಬರೆಸಿದ್ದರು. ಅಂಚೆಯನ್ನು ನಂಬುವ ಹಾಗಿರಲಿಲ್ಲ. ಬುಧವಾರ ಊರಿಗೆ ಹೊರಟಿದ್ದ ಶೆಟ್ಟರು ಕೈಯಲ್ಲೇ ಒಯ್ದು ಕೊಡಲು ಒಪ್ಪಿದರು. ನನಗೆ ಇಪ್ಪತ್ತೇಳು ವರ್ಷ. ಆ ಹುಡುಗಿಯನ್ನು ಒಂದು ಮದುವೆಯಲ್ಲಿ ದೂರದಿಂದ ಕಂಡಿದ್ದೆ. ಇದಕ್ಕಿಂತ ಹೆಚ್ಚು ಹೇಳಬೇಕೇ?

ಶುಕ್ರವಾರ ಭಾವ ನನ್ನನ್ನು ಮಹಡಿಯ ಮೇಲೆ ನಿಲ್ಲಿಸಿದರು. "ಗಾಜು ನೋಡು" ಎಂದರು. ನೋಡಿದೆ. ಅಂದರೆ, ನೋಡಿದ್ದೇನೆ ಎಂದುಕೊಂಡೆ. ಆದರೆ ಟೇಪಿನ ಅಡಿಯಲ್ಲಿ ಏನುಂಟು ಎಂದು ಒಂದು ವರ್ಷದಿಂದ ತಲೆ ಕೆಡಿಸಿಕೊಂಡವನ ಕಣ್ಣು ಅದನ್ನು ಬಿಟ್ಟು ಬೇರೆಲ್ಲಿಗೆ ಹೋದೀತು? ಅಂದು ಅದರ ಒಂದು ಮೂಲೆ ಬೇರೆ ಎದ್ದಿತ್ತು. ಹತ್ತು ಸಲ ಗದರಿಸಿಕೊಂಡ ಮೇಲೆ ಸೂರ್ಯ ಬೆಟ್ಟದ ಹಿಂದೆ ಸರಿಯತೊಡಗಿದ. ಬೆಳಕು ಹೋಗುತ್ತದೆಂದು ಭಾವ ಅರೆಮನಸ್ಸಿನಿಂದ ಗುಂಡಿ ಒತ್ತಿದರು. ರೋಲಿನಲ್ಲಿ ಉಳಿದದ್ದನ್ನು ಮುಗಿಸದೆ ತೊಳೆಯಲು ಕೊಡುವಂತಿಲ್ಲವಲ್ಲ, ಮರುದಿನ ಹದಿನಾಲ್ಕು ಕಡಲ ಹಕ್ಕಿಗಳ ಪಟವೂ ಆಯಿತು.

ಮಂಗಳವಾರ ಸಂಜೆ ಸ್ಟುಡಿಯೋದಿಂದ ಪಟ ಬಂತು. ನಾನು ಅಷ್ಟು ಚೆನ್ನಾಗಿ ಕಂಡದ್ದು ಅದೇ ಮೊದಲು. ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಒಮ್ಮೆ ನೋಡಿದರು, ಎರಡು ತುಂಡು ಮಾಡಿದರು.

"ಎಂತ ಮಾಡಿದ್ರಿ ಭಾವ?"

"ನೀನು ಮೇಲೆ ನೋಡ್ತಾ ಇದ್ದಿ. ಇದು ಹೋಗುದು ಬೇಡ."

"ಇಷ್ಟೇ ಇಷ್ಟು ಮೇಲೆ. ಅದು ಯಾರಿಗೆ ಕಾಣ್ತದೆ?"

"ಕಾಣುವವರಿಗೆ ಕಾಣ್ತದೆ. ಖಲಾಸ್."

ಆ ಖಲಾಸ್ ಎಂಬ ಮಾತಿನಿಂದ ನನ್ನ ಪಿತ್ತ ನೆತ್ತಿಗೇರಿತು. ಬೆಳಿಗ್ಗೆ ಶೆಟ್ಟರ ವಿಮಾನ. ಇನ್ನೊಂದು ಪಟಕ್ಕೆ ಸಮಯವಿಲ್ಲ. ಕಾರ್ಕಳದಲ್ಲಿ ಬೇರೊಬ್ಬನ ಪಟ ಅಷ್ಟರಲ್ಲಿ ಒಳಗೆ ಹೋಗಿಯೂ ಆಗಿರಬಹುದು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೆಸರು ಹೇಳಲೂ ನಾಚಿಕೆಯಾಗುವ ಕ್ಯಾಮರಾ ಇಟ್ಟುಕೊಂಡು ಊರಿಗೆಲ್ಲ ಬುದ್ಧಿ ಹೇಳುತ್ತೀರಿ ಎಂದೂ ಅಂದೆ. ಭಾವ ತುಂಡುಗಳನ್ನು ಕಿಸೆಯಲ್ಲಿ ಹಾಕಿಕೊಂಡು ಹೊರಗೆ ಹೋದರು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮಣೆ ತೋರಿಸಿದಳು. ಕೂತೆ.

"ಬಾಗಿಲ ಹತ್ರದ ಪಟ ಉಂಟಲ್ಲ, ಅದು ನಮ್ಮ ಮದುವೆಗಿಂತ ಮೊದಲಿನದ್ದು" ಎಂದಳು. "ಇಲ್ಲಿಗೆ ಬಂದ ವರ್ಷ ಸಂಬಳ ಕೂಡಿಸಿಟ್ಟು ಆ ಕ್ಯಾಮರಾ ತೆಗೆದದ್ದು. ರೂಮಿನವನ ಕೈಗೆ ಕೊಟ್ಟು ಮೊದಲ ಪಟ ತೆಗೆಸಿದ್ರು, ಅವರ ಅಮ್ಮನಿಗೆ ಕಳಿಸ್ಲಿಕ್ಕೆ. ಹೊಸ ಕ್ಯಾಮರಾ ಅಲ್ವಾ? ಇವರ ಕಣ್ಣು ಆ ಬಿಳಿ ಅಕ್ಷರದ ಮೇಲೆಯೇ. ಅತ್ತೆಗೆ ಓದ್ಲಿಕ್ಕೆ ಬರೆಯಲಿಕ್ಕೆ ಗೊತ್ತಿಲ್ಲ, ಇವರ ಅಣ್ಣ ಬರೆದ್ರು. 'ಮಗ ಯಾರನ್ನು ನೋಡ್ತಾ ಇದ್ದಾನೆ? ನನ್ನನ್ನು ನೋಡುದಿಲ್ಲ ಯಾಕೆ? ಸಿಟ್ಟು ಉಂಟಾ ಅಂತ ಅಮ್ಮ ಕೇಳ್ತಿದ್ದಾಳೆ' ಅಂತ."

ನಾನು ಬಾಗಿಲ ಕಡೆಗೆ ತಿರುಗಿ ನೋಡಿದೆ.

"ಅತ್ತೆ ಮಣೆಯ ಮೇಲೆ ಹತ್ತಿ ನೋಡ್ತಿದ್ರಂತೆ, ಸ್ವಲ್ಪ ಎತ್ತರ ಆದ್ರೆ ಮಗನ ಕಣ್ಣು ಸಿಕ್ತದೆ ಅಂತ. ಆಮೇಲೆ ಸ್ಟೂಲು. ಬಿದ್ದಾರು ಅಂತ ಹೆದರಿ ಇವರ ಅಣ್ಣ ಪಟವನ್ನೇ ಕೆಳಗೆ ಇಳಿಸಿ ಮೊಳೆ ಹೊಡೆದ್ರು. ಅತ್ತೆ ಬೀಡಿ ಕಟ್ಟುದು ಅಲ್ಲೇ, ಬಾಗಿಲ ಹತ್ರ, ಮೊರ ಇಟ್ಕೊಂಡು. ಇವರಿಗೆ ರಜೆ ಸಿಕ್ಕಿದ್ದು ಎರಡೂವರೆ ವರ್ಷಕ್ಕೆ. ಅತ್ತೆ ಹೋಗಿ ನಾಲ್ಕು ತಿಂಗಳು ಆಗಿತ್ತು. ಮನೆಗೆ ಹೋಗಿ ಚಪ್ಪಲಿ ಬಿಡುವಾಗ ಮೊಣಕಾಲಿನ ಹತ್ರ ಇವರದೇ ಪಟ."

ಅಕ್ಕ ಒಲೆಯ ಉರಿ ಸಣ್ಣ ಮಾಡಿದಳು. "ವಾಪಸ್ ಬರುವಾಗ ಪಟವನ್ನು ತಂದ್ರು. ಬಂದ ದಿವಸವೇ ಟೇಪು ಹಾಕಿದ್ದು."

ಆ ರಾತ್ರಿ ನನಗೆ ಭಾವನ ಮುಖ ನೋಡಲು ಆಗಲಿಲ್ಲ. ನಾಚಿಕೆ ಎಂದರೆ ಏನೆಂದು ಅಂದು ಗೊತ್ತಾಯಿತು. ಬೆಳಿಗ್ಗೆ ಅವರೇ ಬಂದು ನನ್ನ ಭುಜ ತಟ್ಟಿ, "ಮುಂದಿನ ವಾರ ರುಸ್ತಾಕ್‌ನ ಪೂಜಾರಿ ಊರಿಗೆ ಹೋಗ್ತಾರಂತೆ. ಕೇಳಿದ್ದೇನೆ. ಅಂಗಿ ಹಾಕ್ಕೊಂಡು ಬಾ" ಎಂದರು. ಅಂಗಿ ಹಾಕಿಕೊಂಡು ಹೋಗಿ ನಿಂತೆ. ಈ ಸಲ ಗಾಜಿನ ಒಳಗೆ ಒಬ್ಬರು ಇದ್ದಾರೆ ಎಂದು ಗ್ರಹಿಸುವುದು ಕಷ್ಟವಾಗಲಿಲ್ಲ. ಮೊದಲನೆಯ ಸಲಕ್ಕೇ ಗುಂಡಿ ಒತ್ತಿದ ಶಬ್ದ ಕೇಳಿತು. "ಹಾಂ, ಈಗ ಸರಿ ನೋಡಿದಿ" ಎಂದರು ಭಾವ.

ಆ ಪಟ ಕಾರ್ಕಳಕ್ಕೆ ಒಂದು ವಾರ ತಡವಾಗಿ ಹೋಯಿತು. ಅದಕ್ಕಿಂತ ಮೊದಲು ಬಂದ ಪಟದ ಹುಡುಗ ನನಗಿಂತ ಬೆಳ್ಳಗಿದ್ದನಂತೆ. "ಆದ್ರೆ ಅವ ಬೇರೆ ಎಲ್ಲಿಗೋ ನೋಡ್ತಿದ್ದ. ನೀವು ನನ್ನನ್ನೇ ನೋಡ್ತಿದ್ರಿ" ಎನ್ನುತ್ತಾಳೆ ನನ್ನ ಹೆಂಡತಿ, ಇಂದಿಗೂ.

ಟೇಪಿನ ಕೆಳಗಿನ ಹೆಸರು ಯಾವುದೆಂದು ನಾನು ಮತ್ತೆ ಕೇಳಲಿಲ್ಲ. ಅದು ನನಗೆ ಇಂದಿಗೂ ಗೊತ್ತಿಲ್ಲ.

ಆದರೆ ಅಂದು ಪಟ ತೆಗೆಸಿಕೊಂಡು ಕೆಲಸಕ್ಕೆ ಹೊರಟವನು ಬೂಟು ಹಾಕುವ ನೆವದಲ್ಲಿ ಬಾಗಿಲ ಬಳಿ ನೆಲದಲ್ಲಿಯೇ ಕೂತೆ, ಬೀಡಿ ಕಟ್ಟುವವರು ಕೂರುವ ಹಾಗೆ, ಚಕ್ಕಳಮಕ್ಕಳ. ಪಟದ ಹುಡುಗ ನನ್ನ ತಲೆಯ ಮೇಲ್ಗಡೆ ನೋಡುತ್ತಿದ್ದ. ಎದ್ದು ನಿಂತು ನೋಡಿದೆ. ಪಕ್ಕದಲ್ಲಿದ್ದ ಸ್ಟೂಲಿನ ಮೇಲೂ ಹತ್ತಿ ನೋಡಿದೆ. ಎಲ್ಲಿ ಹೋದರೂ ಅವನ ನೋಟ ನನಗಿಂತ ಸ್ವಲ್ಪ ಮೇಲೆಯೇ.

ಹಿಂದಿನಿಂದ ಭಾವನ ದನಿ ಕೇಳಿತು. ಯಾವಾಗ ಬಂದು ನಿಂತಿದ್ದರೋ.

"ಇಳಿ ಮಾರಾಯ, ಬೀಳ್ತಿ. ಅದು ಸಿಗುದಿಲ್ಲ. ನಾನು ಎಲ್ಲ ಕಡೆಯಿಂದ ನೋಡಿ ಆಗಿದೆ."