ಉಣಕಲ್ ಕೆರೆಗೆ ನಾನು ಕೊಟ್ಟ ಆಳ

೨೦೦೩ರ ಆಗಸ್ಟ್ ೪, ಸೋಮವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಸುಳ್ಳೊಂದು ಹುಟ್ಟಿದ ಗಳಿಗೆಯನ್ನು ಇಷ್ಟು ನಿಖರವಾಗಿ ಹೇಳಬಲ್ಲವರು ಕಡಿಮೆ. ಬೇಕೆಂದರೆ ಅದಕ್ಕೊಂದು ಜಾತಕವನ್ನೂ ಬರೆಸಬಹುದು. ನಾನು ದಿನಚರಿ ಬರೆಯುವವಳು. ಬರೆಯುವುದಕ್ಕಿಂತ ಹೆಚ್ಚಾಗಿ ಎಣಿಸುವವಳು. ಬೆಂಗೇರಿಯ ನಮ್ಮ ಹೈಸ್ಕೂಲಿನ ಗ್ರಂಥಾಲಯದಿಂದ ದಿನಕ್ಕೆ ಎಷ್ಟು ಪುಸ್ತಕ ಹೋದವು, ಎಷ್ಟು ಬಂದವು, ಕರೆಂಟ್ ಎಷ್ಟು ಸಲ ಹೋಯಿತು, ಎಷ್ಟು ಜನ ಶಿಕ್ಷಕರು ಪುಸ್ತಕ ಹುಡುಕುವ ನೆಪದಲ್ಲಿ ಫ್ಯಾನಿನ ಕೆಳಗೆ ಕೂತು ಎದ್ದುಹೋದರು, ಎಲ್ಲವೂ ಅದರಲ್ಲಿದೆ. ಇಷ್ಟೆಲ್ಲ ಎಣಿಸುವವಳ ಕೈಯಿಂದ ತಪ್ಪು ಲೆಕ್ಕ ಹೊರಗೆ ಬೀಳುವುದಿಲ್ಲ ಎಂದು ಊರಿಗಿಂತ ಮೊದಲು ನಾನೇ ನಂಬಿದ್ದೆ.

ಆ ವರ್ಷ ಶಾಲೆಗೆ ಮೂರು ಕಂಪ್ಯೂಟರ್ ಬಂದವು. ಕಿಟಕಿಗೆ ಸರಳು, ಬಾಗಿಲಿಗೆ ಗಟ್ಟಿ ಕೀಲಿ ಇದ್ದ ಕೋಣೆ ಗ್ರಂಥಾಲಯವೊಂದೇ ಆದ್ದರಿಂದ ಅವನ್ನು ತಂದು ಅಲ್ಲಿ ಇಟ್ಟರು. ನನ್ನ ಕೋಣೆಯಲ್ಲಿ ಇವೆ ಎಂದ ಮೇಲೆ ನನಗೆ ಅವು ಬರುತ್ತವೆ ಎಂದು ಹೆಡ್‌ಮಾಸ್ತರರು ತೀರ್ಮಾನಿಸಿದರು. ಅದೇ ಲೆಕ್ಕದಲ್ಲಿ, ಮೂಲೆಯಲ್ಲಿ ನಿಂತಿದ್ದ ಜೀವಶಾಸ್ತ್ರದ ಅಸ್ಥಿಪಂಜರದ ದೆಸೆಯಿಂದ ನನಗೆ ಡಾಕ್ಟರಿಕೆಯೂ ಬರಬೇಕಿತ್ತು. ನಾನು ಕಂಪ್ಯೂಟರ್ ಕ್ಲಾಸಿಗೆ ಹೋದದ್ದು ಹದಿನಾರು ದಿನ. ಅದರಲ್ಲಿ ಐದು ದಿನ ಕರೆಂಟ್ ಇರಲಿಲ್ಲ. ಉಳಿದ ಹನ್ನೊಂದು ದಿನದ ಬಂಡವಾಳದ ಮೇಲೆ ಎರಡು ಕೆಲಸ ನನ್ನ ತಲೆಗೆ ಬಂದವು: ಮಧ್ಯಾಹ್ನದ ಬಿಡುವಿನಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸುವುದು, ಮತ್ತು ಎಂಟನೇ ತರಗತಿಯ ಮಕ್ಕಳಿಗೆ ಮಾಹಿತಿಯನ್ನು ಹುಡುಕಿ ಬರೆಯುವುದು ಹೇಗೆಂದು ವಾರಕ್ಕೊಮ್ಮೆ ಹೇಳಿಕೊಡುವುದು.

ಮೊದಲ ದಿನ ಬಂದವರು ಸಮಾಜ ವಿಜ್ಞಾನದ ಸರೋಜಕ್ಕೋರು ಒಬ್ಬರೇ. ಇಪ್ಪತ್ತೆರಡು ವರ್ಷ ಪಾಠ ಮಾಡಿದವರು. ಮೌಸನ್ನು ಕೈಗೆ ಕೊಟ್ಟರೆ ಅದನ್ನೆತ್ತಿ, ಆರತಿ ತಟ್ಟೆಯಂತೆ ಪರದೆಯ ಮುಂದೆ ಹಿಡಿದರು. ಆದರೂ ಬಿಟ್ಟು ಏಳಲಿಲ್ಲ. ಯಾಕೆಂದು ಅವರೇ ಹೇಳಿದರು: "ನಮ್ಮ ನಾದಿನಿ ಸುಮಿತ್ರಾ ಧಾರವಾಡದಾಗ ಟೀಚರ್ ಇದ್ದಾಳ ನೋಡು ತಂಗಿ. ಪ್ರತಿ ವರ್ಷ ವಸ್ತುಪ್ರದರ್ಶನದಾಗ ಬಹುಮಾನ ಆಕೀದ. ಹಬ್ಬಕ್ಕ ಬಂದ್ರ ಊಟಕ್ಕಿಂತ ಮೊದ್ಲ ಸರ್ಟಿಫಿಕೇಟ್ ಬಡಸ್ತಾಳ. ಈ ಸಲಾ ನಾ ಕಂಪ್ಯೂಟರಿನ್ಯಾಗಿಂದ ಚಾರ್ಟ್ ಮಾಡಿ ಒಯ್ಯಾಕಿ. ಒಮ್ಮೆರೆ ಆಕಿ ಬಾಯಿ ಮುಚ್ಚಬೇಕವಾ."

ಬರೆದದ್ದನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಅಂಟಿಸುವುದನ್ನು ತೋರಿಸಬೇಕಿತ್ತು. ಎತ್ತಲು ಏನಾದರೂ ಇರಬೇಕಲ್ಲ? ಅವರ ಪಾಠದಲ್ಲಿ ಕೆರೆಗಳ ವಿಷಯವಿತ್ತು. ನಮ್ಮಲ್ಲಿದ್ದ ವಿಶ್ವಕೋಶದ ಸಿ.ಡಿ.ಯಲ್ಲಿ ಜಗತ್ತಿನ ಸರೋವರಗಳೆಲ್ಲ ಇದ್ದವು, ನಾಲ್ಕು ಹೆಜ್ಜೆ ಆಚೆಗಿನ ಉಣಕಲ್ ಕೆರೆ ಇರಲಿಲ್ಲ. ಸರಿ, ನಾನೇ ಮೂರು ಸಾಲು ಟೈಪ್ ಮಾಡಿದೆ. ಉಣಕಲ್ ಕೆರೆ ಪುರಾತನವಾದದ್ದು, ಸುಂದರವಾದದ್ದು, ಅದರ ಆಳ... ಇಲ್ಲಿ ನಿಂತೆ. ಮೇಜಿನ ಮೇಲೆ ನನ್ನ ದಿನಚರಿ ತೆರೆದಿತ್ತು. ಅವತ್ತು ವಾಪಸು ಬರಬೇಕಾಗಿದ್ದ ಪುಸ್ತಕಗಳು ಇಪ್ಪತ್ತೇಳು. ಕೆರೆಯ ಆಳ ಇಪ್ಪತ್ತೇಳು ಅಡಿ ಎಂದು ಬರೆದೆ. ಸರೋಜಕ್ಕೋರು ಅದನ್ನು ಎತ್ತಿ ಅಂಟಿಸುವುದನ್ನು ಕಲಿತು, ಖುಷಿಯಿಂದ ಹದಿನಾಲ್ಕು ಸಲ ಅಂಟಿಸಿದರು. ಬಿಡುವು ಮುಗಿದ ಗಂಟೆ ಹೊಡೆಯಿತು. ನಾನು ಕಡತ ಅಳಿಸಲು ಮರೆತೆ.

ಆಮೇಲಿನ ವಾರಗಳಲ್ಲಿ ಮಕ್ಕಳಿಗೆ ನಾನು ಒಂದೇ ಮಂತ್ರ ಹೇಳಿಕೊಟ್ಟೆ: ಏನೇ ಬರೆದರೂ ಅದು ಎಲ್ಲಿಂದ ಸಿಕ್ಕಿತೆಂದು ಕೆಳಗೆ ಬರೆಯಬೇಕು. ಈ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಸೆಪ್ಟೆಂಬರ್ ೧೫ರಂದು ಮೂವತ್ತೆಂಟು ಪ್ರಾಜೆಕ್ಟ್ ವಹಿಗಳು ನನ್ನ ಮೇಜಿಗೆ ಬಂದವು. ವಿಷಯ, ನಮ್ಮೂರಿನ ಕೆರೆ. ಮೂವತ್ತೇಳರಲ್ಲಿ ಆಳ ಇಪ್ಪತ್ತೇಳು ಅಡಿ. ಮೂಲ ಎಲ್ಲಿಯದು ಎಂಬುದಕ್ಕೆ ‘ಕಂಪ್ಯೂಟರ್’ ಎಂದವರು ಮೂವತ್ತೊಂದು ಜನ, ‘ಸರೋಜಕ್ಕೋರು ಕೊಟ್ಟ ನೋಟ್ಸು’ ಎಂದವರು ನಾಲ್ವರು, ‘ಲೈಬ್ರರಿ ಕಂಪ್ಯೂಟರ್, ಎಡಗಡೆಯದು’ ಎಂದವರು ಇಬ್ಬರು. ಈ ಇಬ್ಬರ ನಿಖರತೆಗೆ ಮೆಚ್ಚಿ ಒಂದೊಂದು ಅಂಕ ಹೆಚ್ಚು ಹಾಕಿದೆ. ಆಮೇಲೆ ಪೆನ್ನು ಕೈಯಲ್ಲೇ ನಿಂತಿತು. ಎಡಗಡೆಯ ಕಂಪ್ಯೂಟರಿನಲ್ಲಿ ಅದನ್ನು ಬರೆದವಳು ಯಾರು?

ಅಷ್ಟರಲ್ಲಿ ಚಾರ್ಟ್ ತಯಾರಾಗಿ ಸ್ಟಾಫ್ ರೂಮಿನಲ್ಲಿ ತೂಗುತ್ತಿತ್ತು. ನಡುವೆ ದಪ್ಪ ನೀಲಿ ಅಕ್ಷರದಲ್ಲಿ ೨೭. ಧಾರವಾಡದ ವಸ್ತುಪ್ರದರ್ಶನಕ್ಕೆ ಮೂರೇ ದಿನ. ನಿಜ ಹೇಳಬೇಕೆಂದು ಮರುದಿನ ಸ್ಟಾಫ್ ರೂಮಿಗೆ ಆರು ಸಲ ಹೋದೆ, ಆರು ಸಲವೂ ಸೀಮೆಸುಣ್ಣ ಕೇಳಿ ತಂದೆ. ಗ್ರಂಥಾಲಯದಲ್ಲಿ ಕರಿಹಲಗೆಯೇ ಇಲ್ಲ. ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಕಪಾಟು ಒರೆಸಬೇಕು ಅನ್ನಿಸುತ್ತಿತ್ತು. ಒಂದೇ ಕಪಾಟನ್ನು ನಾಲ್ಕು ಸಲ ಒರೆಸಿದೆ. ನಮ್ಮ ಪ್ಯೂನ್ ಫಕೀರಪ್ಪ ಉಣಕಲ್ಲಿನವನು. ಕೆರೆಯ ದಂಡೆಯಲ್ಲೇ ಬೆಳೆದವನು, ಅವನಿಗಾದರೂ ಗೊತ್ತಿರಬಹುದೆಂದು ಕೇಳಿದೆ.

"ಇಪ್ಪತ್ತೇಳ ಅಡಿ?" ಎಂದು ಆತ ಪೊರಕೆಯನ್ನು ಗೋಡೆಗೆ ಆನಿಸಿದ. "ಯಾರ್ ಹೇಳಿದ್ರಿ ಅಕ್ಕಾರ? ಬ್ಯಾಸಗ್ಯಾಗ ನಮ್ಮ ಎಮ್ಮಿ ನಡಕೊಂಡ ಆಚಿ ದಂಡಿಗೆ ಹೋಗ್ತೈತ್ರಿ. ಕೊಂಬ ಸೈತ ತೋಯಂಗಿಲ್ಲ."

"ಮಳೆಗಾಲದಾಗರಿ?"

"ಮಳಿಗಾಲದಾಗ ಎಮ್ಮಿ ಒಲ್ಲೆ ಅಂತೈತ್ರಿ. ಆವಾಗಿಂದು ನಂಗ ಗೊತ್ತಿಲ್ಲ."

ಮೂವತ್ತೆಂಟನೆಯ ವಹಿ ನೆನಪಾಯಿತು. ಒಬ್ಬ ಹುಡುಗಿ ಆಳ ಬರೆದಿರಲಿಲ್ಲ. ‘ಗೊತ್ತಾಗಲಿಲ್ಲ, ಅಪ್ಪನನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ’ ಎಂದು ಬರೆದಿದ್ದಳು. ಅಪೂರ್ಣ ಎಂದು ನಾನು ಅವಳಿಗೆ ಎರಡು ಅಂಕ ಕಳೆದಿದ್ದೆ. ಓಡಿಹೋಗಿ ಎರಡನ್ನೂ ವಾಪಸು ಕೊಟ್ಟು, ಮೇಲೆ ಇನ್ನೆರಡು ಸೇರಿಸಿದೆ.

ಸೆಪ್ಟೆಂಬರ್ ೧೮, ಗುರುವಾರ. ಧಾರವಾಡದ ಬಸ್ಸಿನಲ್ಲಿ ನಾನು ಮತ್ತು ಸರೋಜಕ್ಕೋರು; ಸುರುಳಿ ಸುತ್ತಿದ ಚಾರ್ಟ್ ಅವರ ತೊಡೆಯ ಮೇಲೆ, ಮಗುವಿನ ಹಾಗೆ. ಉಣಕಲ್ ದಾಟುವಾಗ ಕಿಟಕಿಯಲ್ಲಿ ಕೆರೆ ಕಾಣಿಸಿತು. ಇನ್ನು ತಡೆಯಲಾಗಲಿಲ್ಲ.

"ಅಕ್ಕೋರ, ಆ ಇಪ್ಪತ್ತೇಳು ಅಡಿ ಅನ್ನೋದು..."

"ಬಾಯಿಪಾಠ ಆಗೇದವಾ. ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೇನಿ."

"ಅದು ಸುಳ್ಳರಿ."

"ಕಂಪ್ಯೂಟರ್ ಎಲ್ಲೆರೆ ಸುಳ್ಳು ಹೇಳ್ತದೇನು?"

"ಕಂಪ್ಯೂಟರ್ ಅಲ್ಲರಿ, ನಾ ಹೇಳೇನಿ. ಬರಬೇಕಾಗಿದ್ದ ಪುಸ್ತಕ ಇಪ್ಪತ್ತೇಳು ಇದ್ದವ್ರಿ, ಅದನ್ನ ಬರದೆ."

ನವನಗರದ ಹತ್ತಿರ ಅವರು ಚಾರ್ಟಿನ ಸುರುಳಿಯನ್ನು ಅರ್ಧ ಬಿಚ್ಚಿ, ೨೭ನ್ನು ನೋಡಿ, ಮತ್ತೆ ಸುತ್ತಿದರು. ಆಮೇಲೆ ಮೆಲ್ಲಗೆ, "ಅಲ್ಲ ತಂಗಿ, ಕೆರಿಯೊಳಗ ಪುಸ್ತಕ ಮುಳಗಿಸಿದ್ಯಲ್ಲ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಿಂದ ಇಳಿದ ಮೇಲೆ ಅಂಗಡಿಯೊಂದರಲ್ಲಿ ಬಿಳಿ ಕಾಗದ, ಗೋಂದು ಕೊಂಡರು. ಸಭಾಂಗಣದ ಮೆಟ್ಟಿಲಲ್ಲೇ ಕೂತು ೨೭ರ ಮೇಲೆ ಕಾಗದ ಅಂಟಿಸಿ, ‘ಆಳ: ಇನ್ನೂ ತಿಳಿದಿಲ್ಲ’ ಎಂದು ಕೈಯಾರೆ ಬರೆದರು. ಇಪ್ಪತ್ತೆರಡು ವರ್ಷದ ಆಸೆಯ ಮೇಲೆ ಆ ಕಾಗದವನ್ನು ಅವರೇ ಹೆಬ್ಬೆರಳಿನಿಂದ ಒತ್ತಿದರು. ನನ್ನ ಪಾಲಿಗೆ ಬಂದ ಕೆಲಸ ಗೋಂದಿನ ಡಬ್ಬಿ ಹಿಡಿಯುವುದಷ್ಟೇ.

ಒಳಗೆ ಹೋದರೆ ಮೂರನೇ ಮೇಜಿನ ಹಿಂದೆ ನಾದಿನಿ ಸುಮಿತ್ರಾ. ಅವರ ಚಾರ್ಟ್ ಕೂಡ ಉಣಕಲ್ ಕೆರೆಯದೇ. ಆಳ ಇಪ್ಪತ್ತೇಳು ಅಡಿ, ಆಧಾರ, ಕಂಪ್ಯೂಟರ್.

ನಾನು ಸರೋಜಕ್ಕೋರ ಮುಖ ನೋಡಿದೆ. "ಗಣಪತಿ ಹಬ್ಬಕ್ಕ ಮನಿಗೆ ಬಂದಿದ್ಲು," ಎಂದರು, ತುಟಿ ಅಲ್ಲಾಡಿಸದೆ. "ನನಗೂ ಕಂಪ್ಯೂಟರ್ ಬರ್ತದಂತ ತೋರಸಲಿಕ್ಕೆ ಒಂದು ಪ್ರಿಂಟ್ ಕೊಟ್ಟಿದ್ದೆ."

ತೀರ್ಪುಗಾರರು ನಮ್ಮ ಮೇಜಿಗೆ ಬಂದು, "ಆ ಸಾಲಿಯವರು ಆಳ ಕೊಟ್ಟಾರ. ನೀವ್ಯಾಕ ಕೊಟ್ಟಿಲ್ಲರಿ? ಸರಿಯಾಗಿ ಹುಡುಕಿಲ್ಲೇನು?" ಎಂದು ಕೇಳಿದರು. ಸರೋಜಕ್ಕೋರು ನನ್ನ ಕಡೆ ತಿರುಗಿದರು. ಮೂಲ ಯಾವುದೆಂದು ಹೇಳಬೇಕೆಂದು ಮೂವತ್ತೆಂಟು ಮಕ್ಕಳಿಗೆ ಕಲಿಸಿದ ನಾನು, "ಹುಡುಕಾಕತ್ತೇವ್ರಿ" ಎಂದೆ. ಸುಮಿತ್ರಾ ಅವರಿಗೆ ಮೊದಲ ಬಹುಮಾನ ಬಂತು. ಸರೋಜಕ್ಕೋರು ಚಪ್ಪಾಳೆ ತಟ್ಟುತ್ತ ನನ್ನ ಕಿವಿಯಲ್ಲಿ, "ಈ ಬಹುಮಾನ ಖರೇ ಅಂದ್ರ ನಿಂದ ನೋಡವಾ. ಹೋಗಿ ಇಸಗೋ," ಎಂದರು. ಆಮೇಲೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟರು. ಅದೇ ಶಿಕ್ಷೆ ಎಂದು ಉಣಕಲ್ ಬಂದಾಗ ತಿಳಿಯಿತು.

ಸಂಘಟಕರಿಗೆ ತಪ್ಪೊಪ್ಪಿಗೆಯ ಪತ್ರವನ್ನು ನಾಲ್ಕು ಸಲ ಬರೆದೆ. ನಾಲ್ಕೂ ಮೇಜಿನ ಖಾನೆಯಲ್ಲಿವೆ. ಅಷ್ಟರಲ್ಲಿ ಪ್ರದರ್ಶನದ ಪುಸ್ತಿಕೆ ಅಚ್ಚಾಗಿ ಶಾಲೆಗೊಂದು ಪ್ರತಿ ಬಂತು. ಹನ್ನೊಂದನೇ ಪುಟದಲ್ಲಿ ಉಣಕಲ್ ಕೆರೆ, ಆಳ ೨೭ ಅಡಿ. ಬಂದ ಪುಸ್ತಕವನ್ನು ದಾಖಲೆ ವಹಿಗೆ ಏರಿಸುವುದು ನನ್ನ ಕೆಲಸ. ಏರಿಸಿದೆ, ಮೊಹರು ಒತ್ತಿದೆ, ಕಪಾಟಿನಲ್ಲಿಟ್ಟೆ. ಈ ವಾರ ಮೂವರು ಮಕ್ಕಳು ಅದನ್ನು ನೋಡಿ ಬರೆದುಕೊಂಡರು. ಮೂವರೂ ಪುಸ್ತಿಕೆಯ ಹೆಸರು, ಪುಟ ಸಂಖ್ಯೆ ಸಹಿತ ಮೂಲವನ್ನು ಕೊಟ್ಟಿದ್ದಾರೆ. ನನ್ನ ಪಾಠದಲ್ಲಿ ಒಂದಕ್ಷರವೂ ತಪ್ಪಿಲ್ಲ.

ಆದ್ದರಿಂದ ಉಣಕಲ್ ಕೆರೆಯ ಆಳ ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೊಂದು ಕಾರ್ಡು ಬರೆಯಿರಿ. ಯಾರು ಅಳೆದರು, ಯಾವಾಗ, ಏನು ಹಿಡಿದು ಅಳೆದರು ಎಂಬುದನ್ನೂ ತಿಳಿಸಿ. ಕಂಪ್ಯೂಟರಿನಲ್ಲಿ ಓದಿದೆ ಎಂದು ಮಾತ್ರ ಬರೆಯಬೇಡಿ. ಅದನ್ನು ಬರೆದವಳು ನಾನೇ ಇರಬಹುದು.