ಮಾವನ ಬನಿಯನ್ನಿಗೊಂದು ಹೆಸರು

ಇಡೀ ದೇಶದಲ್ಲಿ ಅತ್ಯಂತ ನಿಧಾನವಾಗಿ ಓಡಬಲ್ಲ ನಾಲ್ಕೈದು ಮಂದಿಯಲ್ಲಿ ನಮ್ಮ ಸೋದರಮಾವನೂ ಒಬ್ಬ. ಇದು ನಾನು ಸಿಟ್ಟಿನಲ್ಲಿ ಆಡುತ್ತಿರುವ ಮಾತಲ್ಲ, ದಿಲ್ಲಿಯಿಂದ ಪತ್ರವೇ ಬಂದಿತ್ತು. ನೂರು ಕಿಲೋಮೀಟರ್ ಓಟದ ರಾಷ್ಟ್ರೀಯ ತಂಡಕ್ಕೆ ತಾವು ಆಯ್ಕೆಯಾಗಿದ್ದೀರಿ ಎಂದು ಅದರಲ್ಲಿತ್ತು. ನೂರು ಮೀಟರ್ ಓಡುವವನಿಗೆ ವೇಗ ಬೇಕು. ನೂರು ಕಿಲೋಮೀಟರ್ ಓಡುವವನಿಗೆ ಬೇಕಾದದ್ದು ಬೇಗ ಮನೆ ಸೇರಬೇಕೆಂಬ ಆಸೆ ಇಲ್ಲದಿರುವುದು. ಮಾವನಲ್ಲಿ ಈ ಗುಣ ಹುಟ್ಟಿನಿಂದಲೇ ಇತ್ತೆಂದು ನನ್ನ ತಾಯಿ ಹೇಳುತ್ತಾರೆ.

ಪತ್ರದ ಕೊನೆಯಲ್ಲಿ ಒಂದು ಸಣ್ಣ ಸಾಲಿತ್ತು. ವಿದೇಶದಲ್ಲಿ ನಡೆಯುವ ಸ್ಪರ್ಧೆಗೆ ಹೋಗಿಬರುವ ಖರ್ಚಿಗೆ ಪ್ರತಿ ಓಟಗಾರನೂ ತನ್ನ ಪ್ರಾಯೋಜಕನನ್ನು ತಾನೇ ಹುಡುಕಿಕೊಳ್ಳಬೇಕು, ಆ ಪ್ರಾಯೋಜಕನ ಹೆಸರನ್ನು ಬನಿಯನ್ನಿನ ಮೇಲೆ ಮುದ್ರಿಸಲಾಗುವುದು, ಎರಡು ತಿಂಗಳಲ್ಲಿ ಯಾರೂ ಸಿಗದಿದ್ದರೆ ಜಾಗ ಮುಂದಿನವನಿಗೆ. ಮಾವನಿಗೆ ಆಗ ನಲವತ್ತೊಂಬತ್ತು. ಮುಂದಿನ ಸಲ ಎನ್ನುವುದು ಇಲ್ಲವೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅದು ತೆಲಂಗಾಣ ಚಳವಳಿ ಜೋರಾಗಿದ್ದ ಕಾಲ. ಮಾವ ಕನ್ನಡ ಮಾತಾಡುವ ಗಡಿಯೂರು ಜಹೀರಾಬಾದಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನೌಕರರೆಲ್ಲ ಪೆನ್ನು ಕೆಳಗಿಟ್ಟು ಮುಷ್ಕರ ಹೂಡಿದ್ದರು. ಮಾವನೂ ಪೆನ್ನು ಕೆಳಗಿಟ್ಟ, ಬೂಟು ಕಟ್ಟಿಕೊಂಡು ಪ್ರಾಯೋಜಕನನ್ನು ಹುಡುಕಲು ಹೊರಟ. ಚಡ್ಡಿ ಬನಿಯನ್ನಿನಲ್ಲೇ ಹೊರಟ. ಓಟಗಾರನನ್ನು ಓಟಗಾರನ ವೇಷದಲ್ಲೇ ನೋಡಿದರೆ ಜನರಿಗೆ ನಂಬಿಕೆ ಬರುತ್ತದೆ ಎನ್ನುವುದು ಅವನ ತರ್ಕ. ಮೊಬೈಲು ಒಯ್ಯುತ್ತಿರಲಿಲ್ಲ, ತೂಕವಂತೆ.

ಮೊದಲು ಊರಿನಲ್ಲೇ ಒಬ್ಬ ಶುಂಠಿ ವ್ಯಾಪಾರಿಯ ಬಳಿ ಹೋದ. ಜೊತೆಗೆ ನಾನೂ ಇದ್ದೆ. ಆಗ ನಾನು ಶಾಲೆಯಲ್ಲಿ ಟೀಚರು, ಮಾತಾಡಲು ಬರುವವಳೆಂದು ಕರೆದುಕೊಂಡು ಹೋಗಿದ್ದ. ವ್ಯಾಪಾರಿ ಭಕ್ತಿಯಿಂದ ಎಲ್ಲ ಕೇಳಿಸಿಕೊಂಡರು. ನಮ್ಮ ಕಡೆ ಚಂದಾ ಎಂದರೆ ಕೊಡುವುದಿಲ್ಲ ಎಂದವರೇ ಇಲ್ಲ, ಆದರೆ ಅದು ಯಾವ ದೇವರಿಗೆ ಎಂದು ತಿಳಿಯಬೇಕು. ಅವರೂ ಅದನ್ನೇ ಕೇಳಿದರು. ದೇವರಿಗಲ್ಲ, ಓಡುವುದಕ್ಕೆ ಎಂದೆ. ಅವರು ಬಹಳ ಹೊತ್ತು ಮಾವನ ಮೊಣಕಾಲನ್ನೇ ನೋಡಿದರು.

"ಓಡಿ ಎಲ್ಲಿಗಿ ಹೋಗ್ತಾರ?"

"ಎಲ್ಲಿಗೂ ಇಲ್ರಿ. ಹೊಂಟಲ್ಲಿಗೇ ಬಂದು ನಿಲ್ತೀನಿ," ಎಂದ ಮಾವ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ವ್ಯಾಪಾರಿ ನಮ್ಮಿಬ್ಬರಿಗೂ ಚಹಾ ತರಿಸಿ, ಒಂದು ಚೀಲ ಶುಂಠಿ ಕೊಟ್ಟು ಕಳಿಸಿದರು.

ಜಹೀರಾಬಾದ್ ಕೈಕೊಟ್ಟರೆ ನಾರಾಯಣಖೇಡ ಇದೆಯಲ್ಲ! ಅಲ್ಲೊಬ್ಬ ತೊಗರಿ ವ್ಯಾಪಾರಿ, ದೊಡ್ಡ ಮನಸ್ಸಿನವರು ಎಂದು ಯಾರೋ ಹೇಳಿದ್ದರು. ಅಂದು ಬಂದ್, ಬಸ್ಸಿಲ್ಲ. ಮಾವನಿಗೆ ಬಸ್ಸು ಯಾಕೆ ಬೇಕು? ಬೆಳಿಗ್ಗೆ ಎದ್ದು ಓಡಿಯೇ ಹೊರಟ. ಝರಾಸಂಗಂ ದಾಟುವವರೆಗೆ ಎಲ್ಲ ಸರಿಯಿತ್ತು. ಮುಂದೊಂದು ಊರಿನ ಕೂಡುರಸ್ತೆಯಲ್ಲಿ ಚಳವಳಿಯವರು ಶಾಮಿಯಾನ ಹಾಕಿ ಉಪವಾಸ ಕೂತಿದ್ದರು. ಬಂದ್ ದಿನ ಬಿಸಿಲಲ್ಲಿ ಒಬ್ಬನೇ ಓಡಿ ಬರುತ್ತಿರುವ ಮನುಷ್ಯನನ್ನು ಕಂಡು, ಪ್ರತ್ಯೇಕ ರಾಜ್ಯಕ್ಕಾಗಿ ಓಡುತ್ತಿದ್ದಾನೆಂದು ತಾವೇ ತೀರ್ಮಾನಿಸಿ, ಮಾಲೆ ಹಾಕಿ, ಕೈಗೆ ಮೈಕು ಕೊಟ್ಟರು. ಮಾವ ಉಪ್ಪು ಬೆರೆಸಿದ ನಿಂಬೆನೀರಿನ ಪ್ರಯೋಜನದ ಬಗ್ಗೆ ಹತ್ತು ನಿಮಿಷ ಮಾತಾಡಿದ. ಆಮೇಲೆ ಉಪವಾಸ ಕೂತವರ ನಡುವೆ ಕೂತು, ಸೊಂಟದ ಚೀಲದಿಂದ ಜೋಳದ ರೊಟ್ಟಿ ತೆಗೆದು ಊಟ ಮಾಡಿದ. ನಿಯಮದ ಪ್ರಕಾರ ಅಷ್ಟು ದೂರಕ್ಕೆ ಒಂದು ರೊಟ್ಟಿ ತಿನ್ನಲೇಬೇಕಂತೆ. ಅಲ್ಲಿಂದ ಹೊರಡುವಾಗ ಯಾರೂ ಅವನನ್ನು ತಡೆಯಲಿಲ್ಲ.

ಆದರೆ ಸುದ್ದಿ ಅವನಿಗಿಂತ ಮೊದಲೇ ನಾರಾಯಣಖೇಡ ಮುಟ್ಟಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ, ಅವನಿಗಿಂತ ಎಲ್ಲವೂ ಮೊದಲೇ ಮುಟ್ಟುತ್ತದೆ. ತೊಗರಿ ವ್ಯಾಪಾರಿ ಬಾಗಿಲಲ್ಲೇ ಕೈಮುಗಿದು, ಚಳವಳಿಗೆ ನಮ್ಮ ಚಂದಾ ನಿನ್ನೆಯೇ ಕೊಟ್ಟಾಯಿತು ಎಂದರಂತೆ. ತಾನು ರಾಷ್ಟ್ರೀಯ ತಂಡದವನು ಎಂದು ಮಾವ ತಿಳಿಸಿ ಹೇಳಿದ. ಮೊದಲು ರಾಜ್ಯ ಬರಲಿ, ರಾಷ್ಟ್ರದ್ದು ಆಮೇಲೆ ನೋಡೋಣ ಎಂದು ಸಮಾಧಾನ ಮಾಡಿ ಕಳಿಸಿದರು. ಮಾವ ದಾರಿಯುದ್ದಕ್ಕೂ ಜನ ಕೊಟ್ಟ ಏಳು ತೆಂಗಿನಕಾಯಿ, ಮೂರು ಮಾಲೆಗಳೊಂದಿಗೆ ಟ್ರ್ಯಾಕ್ಟರಿನಲ್ಲಿ ವಾಪಸು ಬಂದ.

ಉಳಿದದ್ದು ತಾಂಡೂರು. ಅಲ್ಲಿನ ಕಲ್ಲಿನ ವ್ಯಾಪಾರಿಯೊಬ್ಬರು ನಿಜಕ್ಕೂ ಆಸಕ್ತಿ ತೋರಿಸಿದರು, ಬನಿಯನ್ನು ತರಿಸಿ ನೋಡಿದರು. ಅವರದು ಒಂದೇ ಅನುಮಾನ.

"ಓಡೋರ ಬೆನ್ನ ಮ್ಯಾಲಿನ ಹೆಸರು ಓದಾಕ ಆಗ್ತದೇನ್ರಿ?"

"ನಾ ಓಡೋದು ಹಂಗೇನ್ ಜೋರಿಲ್ರಿ. ಕನ್ನಡಕ ಹುಡುಕಿ ಹಾಕ್ಕೊಂಡು ಓದಬಹುದು."

ಇಷ್ಟು ಚೆಂದದ ಜಾಹೀರಾತು ಯಾರು ಕೊಡುತ್ತಾರೆ? ವ್ಯಾಪಾರಿ ಒಪ್ಪಿದರು. ಹದಿನೈದು ದಿನಕ್ಕೆ ಮನೆ ಮುಂದೆ ಲಾರಿ ನಿಂತಿತು, ಇಳಿದದ್ದು ಆರಡಿಯ ನೀಲಿಗಲ್ಲು. ನಮ್ಮ ಕಡೆ ದಾನಿ ಎಂದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸುವವರು ತಾನೇ? ಪಾಪ, ಅವರು ಅದನ್ನೇ ಮಾಡಿದ್ದರು. ಮಾವನ ಪೂರ್ತಿ ಹೆಸರು, ನೂರು ಕಿಲೋಮೀಟರ್ ಓಟ, ಕೆಳಗೆ ಅವರ ಹೆಸರು. ಕೆತ್ತುವವನು ಕೈ ಪಳಗಿದ ವೇಗದಲ್ಲಿ ಎಲ್ಲಕ್ಕೂ ಕೆಳಗೆ 'ಸ್ಮರಣಾರ್ಥ' ಎಂದೂ ಸೇರಿಸಿದ್ದ. ವಿಮಾನದ ಟಿಕೆಟ್ಟಿನ ಮಾತು ಯಾರೂ ಎತ್ತಲಿಲ್ಲ.

ಆ ಕಲ್ಲಿನ ಮೇಲೆ ಬಟ್ಟೆ ಒಗೆಯೋಣ ಎಂದರೆ ಅತ್ತೆ, ಅಂದರೆ ಮಾವನ ಹೆಂಡತಿ, ಒಪ್ಪಲಿಲ್ಲ. ಗಂಡನ ಹೆಸರಿನ ಮೇಲೆ ಸೋಪು ಹಚ್ಚುವುದುಂಟೇ? ಅತ್ತೆ ಹಳೆಯ ಪದ್ಧತಿಯವರು. ಮದುವೆಯಾಗಿ ಇಪ್ಪತ್ತಾರು ವರ್ಷ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡು ಮುಂದೆ ಹಿಡಿದು ಬೆರಳು ತೋರಿಸುತ್ತಿದ್ದರು. ಮಾವನ ಓಟವೆಂದರೆ ಮಾತ್ರ ಅವರಿಗೆ ಹುಚ್ಚೆಂದೇ ಲೆಕ್ಕ. ಬನಿಯನ್ನು ಒಣಹಾಕುವಾಗ ದಿನವೂ ಅದಕ್ಕೆ ಬೈಯುತ್ತಿದ್ದರು.

ಗಡುವಿಗೆ ಎರಡೇ ದಿನ ಉಳಿದಿದ್ದಾಗ, ಮಾವ ಅರ್ಜಿ ಹಾಕಿದ್ದ ಹೈದರಾಬಾದಿನ ಒಂದು ಕಂಪನಿಯಿಂದ ಮನೆಯ ಫೋನಿಗೆ ಕರೆ ಬಂತು. ಮಾವ ಓಡಲು ಹೋಗಿದ್ದ, ಅವನು ಇನ್ನೆಲ್ಲಿಗೆ ಹೋದಾನು? ಫೋನು ಎತ್ತಿದ್ದು ಅತ್ತೆ. ಖರ್ಚು ನಾವು ಕೊಡುತ್ತೇವೆ, ಇವತ್ತೇ ಪತ್ರ ಹೋಗಬೇಕು, ಅರ್ಜಿಯ ಸಹಿ ಓದಲಾಗುತ್ತಿಲ್ಲ, ಓಟಗಾರನ ಹೆಸರು ಹೇಳಿ ಎಂದು ಅವರು ಹಿಂದಿಯಲ್ಲಿ ಕೇಳಿದರು. ಅತ್ತೆ "ಹಮಾರೆ ಘರ್‌ವಾಲೆ", ಅಂದರೆ ನಮ್ಮ ಮನೆಯವರು, ಎಂದರು. ಅವರು ಮತ್ತೆ ಕೇಳಿದರು. ಅತ್ತೆ ಮತ್ತೆ ಅದನ್ನೇ ಹೇಳಿದರು. ಆಮೇಲೆ ಫೋನು ಕೆಳಗಿಟ್ಟು, ಯಾರಾದರೂ ಬಂದು ಆ ಹೆಸರೊಂದು ಹೇಳಲಿ ಎಂದು ಓಣಿಗೆ ಓಡಿದರು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಂದು ಹೆದ್ದಾರಿಯ ಮೇಲೆಯೇ ಅಡುಗೆ ಮಾಡಿ ಊಟ ಮಾಡುವ ಪ್ರತಿಭಟನೆ, ಊರಿಗೆ ಊರೇ ಅಲ್ಲಿತ್ತು. ನಾನೂ ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆ ವಾಪಸು ಬರುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಮಾವ ಮರುದಿನ ವಿಚಾರಿಸಿದಾಗ, ಆ ಪ್ರಾಯೋಜಕತ್ವ ಬೇರೊಬ್ಬನಿಗೆ ಹೋಗಿತ್ತು.

ಫೋನು ಬಂದ ದಿನ ಸಂಜೆಯೇ ಅತ್ತೆ ಎಲ್ಲವನ್ನೂ ತಾವೇ ಹೇಳಿ, ಸೆರಗು ಬಾಯಿಗೆ ಹಿಡಿದು ಕೂತಿದ್ದರು. ಬೂಟಿನ ದಾರ ಬಿಚ್ಚುತ್ತಿದ್ದ ಮಾವ ತಲೆ ಎತ್ತಲಿಲ್ಲ.

"ಹೋಗ್ಲಿ ಬಿಡು," ಎಂದ. "ನನ್ನ ಹೆಸರು ಭಾಳ ಉದ್ದದ. ಅವರಿಗೆ ಬರ್ಕೊಳ್ಳಾಕೂ ತ್ರಾಸ ಆಗ್ತಿತ್ತು."

ಆ ರಾತ್ರಿ ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವಂತೆ.

ಸ್ಪರ್ಧೆಯ ದಿನ ಬೆಳಕು ಹರಿಯುತ್ತಲೇ ಮಾವ ನಮ್ಮ ಶಾಲೆಯ ಮೈದಾನಕ್ಕೆ ಬಂದ. ತಂಡದ ಉಳಿದವರು ಅಲ್ಲಿ ಓಡುತ್ತಾರೆ, ತಾನು ಇಲ್ಲಿ ಓಡುವುದಂತೆ. ಸುತ್ತಿಗೆ ನಾನೂರು ಮೀಟರಿನಂತೆ ಇನ್ನೂರೈವತ್ತು ಸುತ್ತು. ಎಣಿಸಲು ನನ್ನ ಕೈಗೆ ನೋಟುಬುಕ್ಕು ಕೊಟ್ಟ. ಅದರಲ್ಲೂ ನಿಯಮ! ಪ್ರತಿ ಸುತ್ತಿಗೂ ಓಟಗಾರನ ಹೆಸರು ಕೂಗಬೇಕು, ಅವನು ಕೈ ಎತ್ತಬೇಕು, ಆಗಲೇ ಅದು ಲೆಕ್ಕಕ್ಕೆ. ನಾನು "ಮಾಮಾ" ಎಂದು ಕೂಗಿದೆ. ಅದು ನಡೆಯುವುದಿಲ್ಲ, ಮೈದಾನದಲ್ಲಿ ಬೇರೆಯವರ ಮಾಮಾ ಕೂಡ ಇರಬಹುದು ಎಂದು ಓಡುತ್ತಲೇ ತಕರಾರು ತೆಗೆದ. ಮೈದಾನದಲ್ಲಿ ಅವನನ್ನು ಬಿಟ್ಟರೆ ಒಂದು ಎಮ್ಮೆ ಇತ್ತು. ಹಿರಿಯರ ಹೆಸರು ಹಿಡಿದು ಕೂಗುವುದು ಹೇಗೆ ಎಂದು ನಾನು ಹಾಗೇ ಮುಂದುವರಿಸಿದೆ, ಅವನು ಸುತ್ತು ಸುತ್ತಿಗೂ ತಕರಾರು ಮುಂದುವರಿಸಿದ.

ಮಧ್ಯಾಹ್ನಕ್ಕೆ ಅತ್ತೆ ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಕಟ್ಟೆಯ ಮೇಲೆ ಕೂತು ಮೂರು ಸುತ್ತು ನೋಡಿದರು. ಮಾವನ ಕಾಲು ಎಳೆಯುತ್ತಿತ್ತು, ಖಾಲಿ ಬನಿಯನ್ನು ಬೆವರಿಗೆ ಬೆನ್ನಿಗಂಟಿತ್ತು. ತಕರಾರನ್ನೂ ನಿಲ್ಲಿಸಿಬಿಟ್ಟಿದ್ದ. ನನಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

"ಹೆಸರು ಕೂಗದಿದ್ರ ಲೆಕ್ಕ ಇಲ್ಲೇನ?" ಎಂದು ಅತ್ತೆ ಕೇಳಿದರು.

ನಿಯಮ ಹಾಗಿದೆ ಎಂದೆ.

ಅತ್ತೆ ನನ್ನ ಕೈಯಿಂದ ನೋಟುಬುಕ್ಕು ತೆಗೆದುಕೊಂಡು ಎದ್ದು ನಿಂತರು. ಸೆರಗು ತಲೆಯ ಮೇಲೆ ಎಳೆದುಕೊಂಡರು. ಮಾವ ಗೆರೆಯ ಹತ್ತಿರ ಬಂದಾಗ ಅವನ ಹೆಸರು ಕೂಗಿದರು. ಪೂರ್ತಿ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಸೇರಿಸಿ, ಕಲ್ಲಿನ ಮೇಲೆ ಇದ್ದಂತೆಯೇ.

ನಾರಾಯಣಖೇಡದ ದಾರಿಯಲ್ಲಿ ಬಿಸಿಲಿಗೂ ನಿಲ್ಲದ ಮನುಷ್ಯ ನಿಂತುಬಿಟ್ಟ. ಅತ್ತೆಯನ್ನೇ ನೋಡಿದ. ಆಮೇಲೆ ಕೈ ಎತ್ತಿದ, ಮತ್ತೆ ಓಡಿದ. ಅತ್ತೆ ಒಂದು ಗೆರೆ ಎಳೆದರು. ಬಿಸಿಲು ಇಳಿದು ಇನ್ನೂರೈವತ್ತನೆಯ ಸುತ್ತು ಮುಗಿಯುವವರೆಗೆ ಒಂದು ಸುತ್ತನ್ನೂ ಬಿಡದೆ ಕೂಗಿದರು. ಕೊನೆಕೊನೆಗೆ ಅವರ ಗಂಟಲು ಕಟ್ಟಿ ಹೋಗಿತ್ತು. ಆದರೂ ನೋಟುಬುಕ್ಕನ್ನು ನನಗೆ ವಾಪಸು ಕೊಡಲಿಲ್ಲ. ನಾನು ಎಮ್ಮೆಯ ಕಡೆ ತಿರುಗಿ ನಿಂತು ಅತ್ತುಬಿಟ್ಟೆ.

ಮಾವನ ಹೆಸರೇನು ಎಂದು ನೀವು ಕೇಳುತ್ತೀರಿ. ನಾನು ಬರೆಯುವುದಿಲ್ಲ. ಅದನ್ನು ಅತ್ತೆಯ ಬಾಯಿಂದಲೇ ಕೇಳಬೇಕು.