ಭಾವನ ಬಿಸಿಲುಬೇಟೆ

ವರ್ಷದ ಹೆಚ್ಚು ಕಾಲ ಮಳೆ, ಮೋಡವೇ ಇರುವ ಈ ಅಮೆರಿಕದ ಊರಿನಲ್ಲಿ ಬಿಸಿಲು ಬಂದರೆ ಜನ ಬೆಟ್ಟ ಹತ್ತುತ್ತಾರೆ, ಕೆರೆಗೆ ಇಳಿಯುತ್ತಾರೆ, ಹುಲ್ಲಿನ ಮೇಲೆ ಅಂಗಾತ ಮಲಗಿ ಮೈ ಕೆಂಪು ಮಾಡಿಕೊಳ್ಳುತ್ತಾರೆ. ನಮ್ಮ ಭಾವ ಮಾತ್ರ ಸಬ್ಬಕ್ಕಿ ನೆನೆಹಾಕುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಓದಿದವರು, ರೆಡ್ಮಂಡಿನಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸದಲ್ಲಿರುವವರು, ನಾಲ್ಕು ಜನರ ಮುಂದೆ ತೂಕವಾಗಿ ಮಾತಾಡುವವರು. ಜುಲೈ ಬಂದು ಮೋಡ ಸರಿಯಿತೋ, ಆ ತೂಕವೆಲ್ಲ ಆವಿಯಾಗಿ ಹೋಗುತ್ತದೆ! ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ಫೋನಿನಲ್ಲಿ ಹವಾಮಾನ ನೋಡುತ್ತಾರೆ. ಒಂದು ಆ್ಯಪನ್ನು ನಂಬದೆ ಮತ್ತೊಂದನ್ನು ನೋಡುತ್ತಾರೆ. ಎರಡೂ ಬಿಸಿಲೆಂದರೆ ಆಚೆ ಬಂದು ಆಕಾಶವನ್ನೇ ಕೇಳುತ್ತಾರೆ. ಆಮೇಲೆ ಅಡುಗೆಮನೆಯಲ್ಲಿ ಸಬ್ಬಕ್ಕಿ ಗಂಜಿ ಕುದಿಯತೊಡಗುತ್ತದೆ. ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಹಿಂಡಿದ ನಿಂಬೆಹಣ್ಣು. ಎಜುಕೇಶನ್ ಹಿಲ್ ಬಡಾವಣೆಯ ಅವರ ಮನೆಯ ಡೆಕ್ಕಿನಲ್ಲಿ, ಎಂದರೆ ಹಿತ್ತಲಿನ ಮರದ ಜಗಲಿಯಲ್ಲಿ, ತಟ್ಟೆಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೊಣಕಾಲೂರಿ, ಒಂದೊಂದೇ ಚಮಚ ಇಡುತ್ತಾ ಹೋಗುತ್ತಾರೆ. ಆಗ ಅವರ ಮುಖ ನೋಡಬೇಕು. ದೇವರ ಮುಂದೆ ಕೂತಾಗಲೂ ಅಷ್ಟು ಏಕಾಗ್ರತೆ ಕಂಡಿಲ್ಲ ಎಂದು ಅಕ್ಕ ಹೇಳುತ್ತಾಳೆ.

ಅಂಗಡಿಯಲ್ಲಿ ಸಂಡಿಗೆ ಸಿಗುವುದಿಲ್ಲವೇ? ಧಾರಾಳವಾಗಿ ಸಿಗುತ್ತದೆ. ಅದನ್ನು ಅವರ ಮುಂದೆ ಅಪ್ಪಿತಪ್ಪಿ ಹೇಳಿಬಿಟ್ಟರೆ ಮೈಸೂರಿನ ಅವರ ಅಜ್ಜಿಯಿಂದ ಕಥೆ ಶುರುವಾಗುತ್ತದೆ. ಅಜ್ಜಿ ತಾರಸಿಯ ಮೇಲೆ ಒಣಹಾಕುತ್ತಿದ್ದದ್ದು, ಮೊಮ್ಮಗನನ್ನು ಕಾಗೆ ಓಡಿಸಲು ಕೂರಿಸುತ್ತಿದ್ದದ್ದು, ಕಾಗೆಗಿಂತ ಮೊಮ್ಮಗನೇ ಹೆಚ್ಚು ತಿನ್ನುತ್ತಿದ್ದದ್ದು. ಅರ್ಧ ಒಣಗಿದ ಸಂಡಿಗೆ, ಹೊರಗೆ ಗರಿ, ಒಳಗೆ ಮೆತ್ತಗೆ! ಆ ರುಚಿಯನ್ನು ಅವರು ವರ್ಣಿಸುವಾಗ ಮಧ್ಯೆ ಬಾಯಿ ಹಾಕಿದರೆ ಮತ್ತೆ ಮೊದಲಿಂದ ಕೇಳಬೇಕಾಗುತ್ತದೆ. ಅದಕ್ಕೇ ನಾವು ಅಂಗಡಿಯ ಮಾತನ್ನು ಎತ್ತುವುದಿಲ್ಲ.

ಈ ಉದ್ಯೋಗಕ್ಕೆ ಮನೆಯಲ್ಲಿರುವ ಏಕೈಕ ಅಡ್ಡಿ ಎಂದರೆ ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ಅಪ್ಪನಿಗಿಂತ ಎರಡು ಬೆರಳು ಎತ್ತರ. ಜಗಳವೆಲ್ಲ ಅವಳ ರೂಮಿನ ಕಿಟಕಿಯದು. ದಕ್ಷಿಣಕ್ಕಿರುವ ಆ ದೊಡ್ಡ ಕಿಟಕಿಯಿಂದ ಇಡೀ ಮನೆಯಲ್ಲೇ ಅತಿ ಒಳ್ಳೆಯ ಬಿಸಿಲು ಬೀಳುತ್ತದೆ. ಡೆಕ್ಕಿನಲ್ಲಿ ನೆರಳು ಬಂದ ಕೂಡಲೇ ಭಾವ ತಟ್ಟೆಗಳನ್ನು ಎತ್ತಿಕೊಂಡು ಮಹಡಿ ಹತ್ತುತ್ತಾರೆ. ಅವಳಿಲ್ಲದ ಹೊತ್ತು ನೋಡಿ ಓದುವ ಮೇಜಿನ ಮೇಲೆ ಒಂದು, ಹಾಸಿಗೆಯ ಮೇಲೆ ಒಂದು ತಟ್ಟೆ ಇಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಬರುತ್ತಾರೆ. ಸಂಜೆ ಮೇಲಿನಿಂದ ಧ್ವನಿ ಬರುತ್ತದೆ.

"ಅಪ್ಪಾ, ನಾಟ್ ಇನ್ ಮೈ ರೂಮ್. ಮೈ ಪಿಲ್ಲೋ ಸ್ಮೆಲ್ಸ್ ಲೈಕ್ ಜೀರಿಗೆ."

ಬೇಸಿಗೆಯಲ್ಲಿ ದಿನವೂ ಇದೇ ಮಾತು. ದಿನವೂ ಭಾವ "ಸರಿ ಪುಟ್ಟಿ, ನಾಳೆಯಿಂದ ಇಡಲ್ಲ" ಎನ್ನುತ್ತಾರೆ. ಅವರು ಕೊಟ್ಟ ಮಾತಿಗೆ ತಪ್ಪುವುದು ಇದೊಂದು ವಿಷಯದಲ್ಲಿ ಮಾತ್ರ.

ಮನೆಯ ಬಿಸಿಲು ಸಾಲದೆ ಒಮ್ಮೆ ಆಫೀಸಿನ ಬಿಸಿಲಿಗೂ ಕೈ ಹಾಕಿದರು. ಮುಚ್ಚಿದ ಕಾರಿನೊಳಗೆ ಎಂಥ ಕಾವು ಇರುತ್ತದೆ ಎಂಬುದು ಅವರ ತಲೆಗೆ ಹೊಳೆದದ್ದೇ ತಡ, ಅರ್ಧ ಒಣಗಿದ ಸಂಡಿಗೆಯನ್ನು ಕಾರಿನ ಡ್ಯಾಶ್‌ಬೋರ್ಡಿನ ಉದ್ದಕ್ಕೂ ಹರಡಿ, ಮರದ ನೆರಳಿಲ್ಲದ ಜಾಗ ಹುಡುಕಿ ಪಾರ್ಕ್ ಮಾಡಿದರು. ಮಧ್ಯಾಹ್ನ ಹೋಗಿ ನೋಡಿದರೆ ಗರಿಗರಿ! ಆ ಸಂತೋಷದಲ್ಲಿ, ತೆಗೆದಿಡುವುದನ್ನು ಮರೆತು ಮನೆಗೆ ಹೊರಟರು. ಮೊದಲ ತಿರುವಿನಲ್ಲೇ ಸಂಡಿಗೆಗಳೆಲ್ಲ ಬಲಗಡೆಯಿಂದ ಎಡಗಡೆಗೆ ಮೆರವಣಿಗೆ ಹೊರಟು, ಅರ್ಧ ಅವರ ಮಡಿಲಿಗೆ ಬಂದವು, ಉಳಿದರ್ಧ ಗಾಳಿ ಬರುವ ಕಿಂಡಿಗಳೊಳಗೆ ಇಳಿದವು. ಇವತ್ತಿಗೂ ಆ ಕಾರಿನಲ್ಲಿ ಹೀಟರ್ ಹಾಕಿದರೆ ಒಗ್ಗರಣೆಯ ಪರಿಮಳ ಬರುತ್ತದೆ. ಒಂದು ದಿನ ಅವರ ಮ್ಯಾನೇಜರಿಗೆ ಲಿಫ್ಟ್ ಕೊಟ್ಟಾಗ ಆತ ಮೂಗು ಅರಳಿಸಿ, ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಕೇಳಿದನಂತೆ.

ಈ ವರ್ಷ ಮಾತ್ರ ಭಾವನ ಹುಚ್ಚು ಮಿತಿ ಮೀರಿತು. ಪುಟ್ಟಿ ಕಾಲೇಜಿಗೆ ಶಿಕಾಗೋಗೆ ಹೊರಟಿದ್ದಳು. ಸೆಪ್ಟೆಂಬರ್ ಮುಗಿಯುವ ಮುಂಚೆ ಅವಳನ್ನು ಬಿಟ್ಟು ಬರಬೇಕು. ಅಕ್ಕ ಸ್ವೆಟರು, ಹೊದಿಕೆ, ದಪ್ಪ ಕೋಟು ಎಂದು ಅಂಗಡಿ ಸುತ್ತುತ್ತಿದ್ದಳು, ಮಧ್ಯೆ ಮಧ್ಯೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಭಾವನ ಬಾಯಲ್ಲಿ ಮಗಳು ಹೋಗುವ ಮಾತೇ ಇಲ್ಲ! ಅವರದು ಒಂದೇ ಜಪ. ಪುಟ್ಟಿ ಹೊರಡುವುದರೊಳಗೆ ಒಂದು ಡಬ್ಬ ಸಂಡಿಗೆ ಆಗಬೇಕು.

ಜುಲೈನಲ್ಲಿ ಮಾಡಿದ್ದು ಮನೆಯಲ್ಲೇ ಕರಿದು ಮುಗಿದಿತ್ತು, ಆಗಸ್ಟಿನಲ್ಲಿ ಮಾಡಿದ್ದು ಕೈಕೊಟ್ಟಿತು. ದೂರದ ಕಾಡಿಗೆ ಬಿದ್ದ ಬೆಂಕಿಯ ಹೊಗೆ ನಮ್ಮ ತನಕ ಬಂದು, ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಎಲ್ಲರೂ ಕಿಟಕಿ ಮುಚ್ಚಿ ಒಳಗೆ ಕೂತರು. ಆಚೆ ಉಳಿದದ್ದು ಸಂಡಿಗೆ ಒಂದೇ. ಕರಿದು ತಿಂದರೆ ಕೊಟ್ಟಿಗೆಯಲ್ಲಿ ಹೊಗೆ ಹಾಕಿದ ಹಾಗೆ ವಾಸನೆ. ಭಾವ ಅದನ್ನು ಎಸೆಯಲಾರದೆ ಪಕ್ಕದ ಮನೆಯ ಅಮೆರಿಕನ್ ತಾತನಿಗೆ ಕೊಟ್ಟುಬಂದರು. ಮರುದಿನ ತಾತ ಖಾಲಿ ಡಬ್ಬ ಹಿಡಿದು ಬಂದು, ಈ ಹೊಗೆಯ ರುಚಿ ಹೇಗೆ ತರಿಸಿದಿರಿ ಎಂದು ಗುಟ್ಟು ಕೇಳಿದ. ಅಂತೂ ಒಬ್ಬ ಅಭಿಮಾನಿ ಹುಟ್ಟಿಕೊಂಡ. ಪುಟ್ಟಿಯ ಡಬ್ಬ ಮಾತ್ರ ಖಾಲಿಯಾಗಿಯೇ ಉಳಿಯಿತು.

ಸೆಪ್ಟೆಂಬರ್ ಬಂತು. ಬೇಲಿಯ ಬ್ಲ್ಯಾಕ್‌ಬೆರಿ ಹಣ್ಣುಗಳು ಮುಗಿದವು, ಮೇಪಲ್ ಎಲೆಗಳ ಅಂಚು ಕೆಂಪಾಯಿತು, ಅಂಗಡಿಗಳ ಮುಂದೆ ಕುಂಬಳಕಾಯಿ ರಾಶಿ ಬಿತ್ತು. ಬೆಳಿಗ್ಗೆ ಮಂಜು, ಸಂಜೆ ಬೇಗ ಕತ್ತಲು. ಬಿಸಿಲು ನೆಂಟರ ಹಾಗೆ ಬಂದು, ಕಾಫಿಗೂ ನಿಲ್ಲದೆ ಹೋಗತೊಡಗಿತು. ಒಂದು ಶನಿವಾರ ಭಾವ ಫೋನ್ ಮಾಡಿದರು. ಹೇಗಿದ್ದೀಯ ಎಂಬ ಉಪಚಾರವೂ ಇಲ್ಲ.

"ನಿಮ್ಮ ಫ್ಯಾಕ್ಟೋರಿಯಾ ಕಡೆ ಬಿಸಿಲಿದೆಯೇನಮ್ಮ?"

ಇದೆ ಎಂದದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ತಟ್ಟೆಗಳ ಸಮೇತ ನನ್ನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿದ್ದರು! ಹೈವೇಯಲ್ಲಿ ಎಲ್ಲರೂ ಹಾರ್ನ್ ಹೊಡೆಯುವಷ್ಟು ನಿಧಾನವಾಗಿ ಬಂದರಂತೆ, ಈ ಸಲ ತಿರುವಿನಲ್ಲಿ ಒಂದೂ ಬೀಳಲಿಲ್ಲವಂತೆ. ನನ್ನ ತುಳಸಿ ಕುಂಡವನ್ನು ಮೂಲೆಗೆ ಸರಿಸಿ, ಕುರ್ಚಿ ಎಳೆದುಕೊಂಡು, ಕೈಯಲ್ಲಿ ನ್ಯೂಸ್‌ಪೇಪರ್ ಸುರುಳಿ ಹಿಡಿದು ಕಾಗೆ ಕಾಯಲು ಕೂತರು. ಐವತ್ತು ದಾಟಿದ ಮನುಷ್ಯ, ಮತ್ತೆ ಅಜ್ಜಿಯ ತಾರಸಿಯ ಮೇಲಿದ್ದ ಹಾಗೆ.

ನಾನು ಕಾಫಿ ಕೊಟ್ಟು ಕೆಣಕಿದೆ. ಇಷ್ಟು ಒದ್ದಾಟ ಯಾತಕ್ಕೆ ಭಾವ, ಅವಳ ಹಾಸ್ಟೆಲಿನಲ್ಲಿ ಒಲೆಯೇ ಇಲ್ಲವಂತೆ, ಎಣ್ಣೆ ಕಾಯಿಸುವುದಂತೂ ದೂರದ ಮಾತು, ಸಂಡಿಗೆ ತಗೊಂಡು ಹೋಗಿ ಏನು ಮಾಡುತ್ತಾಳೆ ಎಂದೆ. ಭಾವ ಕಾಫಿ ಊದಿಕೊಂಡರು. ಈ ಬಾಲ್ಕನಿ ಇನ್ನೊಂದು ಚೂರು ಪಶ್ಚಿಮಕ್ಕೆ ತಿರುಗಿದ್ದಿದ್ದರೆ ಚೆನ್ನಾಗಿತ್ತು ಎಂದರು.

ಆಮೇಲೆ ನಡೆದದ್ದನ್ನು ನಂಬುವುದೇ ಕಷ್ಟ. ಸಂಡಿಗೆಯನ್ನು ಕಾದ ಎಣ್ಣೆಯಲ್ಲಿ ಬಿಟ್ಟು ಅದು ಹೂವಾಗಿ ಅರಳುವುದನ್ನು ನೋಡಲೇಬೇಕು ಎನ್ನುತ್ತಿದ್ದ ಭಾವ, ಇದ್ದಕ್ಕಿದ್ದಂತೆ ಅದನ್ನು ಮೈಕ್ರೋವೇವಿನಲ್ಲಿ ಇಡತೊಡಗಿದರು! ಅಕ್ಕ ಫೋನ್ ಮಾಡಿ ಗೋಳಾಡಿದಳು. ಒಂದು ದಿನ ಅರಳದೆ ಕಲ್ಲಾಗಿತ್ತಂತೆ, ಮತ್ತೊಂದು ದಿನ ಕರಿಕಲಾಗಿ ಸ್ಮೋಕ್ ಅಲಾರಂ ಕೂಗಿ, ಪಕ್ಕದ ಮನೆಯ ತಾತ ತನ್ನ ಹೊಗೆ ಸಂಡಿಗೆ ತಯಾರಾಯಿತೆಂದು ಬೇಲಿಯ ಹತ್ತಿರ ಬಂದು ನಿಂತಿದ್ದನಂತೆ. ಒಲೆ ಖಾಲಿ ಇದೆ, ಬಾಣಲೆ ಇದೆ, ಎಣ್ಣೆ ಇದೆ, ಇವರಿಗೇನು ಬಂತು ಎಂದು ಅವಳು ಕೇಳಿದಳು. ಕೊಲೆಸ್ಟ್ರಾಲ್ ಜಾಸ್ತಿಯಾಗಿರಬೇಕು, ಹೇಳಲು ನಾಚಿಕೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ವಯಸ್ಸಾಯಿತಲ್ಲ, ಪಾಪ ಎಂದು ನಕ್ಕೆವು ಕೂಡ.

ಪುಟ್ಟಿ ಹೊರಡುವ ಹಿಂದಿನ ದಿನ ನಾನು ಅಕ್ಕನ ಮನೆಗೆ ಹೋದೆ. ಸೂಟ್‌ಕೇಸು ತುಂಬಿ ಬಾಯಿ ಮುಚ್ಚುತ್ತಿರಲಿಲ್ಲ. ನಾನು ಮೇಲೆ ಕೂತೆ, ಅಕ್ಕ ಜಿಪ್ ಎಳೆದಳು. ಅಷ್ಟರಲ್ಲಿ ಭಾವ ಒಂದು ಡಬ್ಬ ಹಿಡಿದು ಬಂದು ನಿಂತರು. ಪುಟ್ಟಿ ಅದನ್ನು ನೋಡಿ ನಕ್ಕಳು.

"ಅಪ್ಪಾ, ಐ ಟೋಲ್ಡ್ ಯೂ. ದೇರ್ ಈಸ್ ನೋ ಸ್ಟೋವ್."

"ಗೊತ್ತು ಪುಟ್ಟಿ. ಬಾ ಇಲ್ಲಿ" ಎಂದರು ಭಾವ.

ಅಡುಗೆಮನೆಯಲ್ಲಿ ಕಾಗದದ ತಟ್ಟೆ ತೆಗೆದರು. ನಾಲ್ಕು ಸಂಡಿಗೆಗೆ ಬೆರಳ ತುದಿಯಿಂದ ಎಣ್ಣೆ ಸವರಿದರು. ಒಂದಕ್ಕೊಂದು ತಾಗದ ಹಾಗೆ ಸುತ್ತ ಇಟ್ಟು ಮಧ್ಯೆ ಜಾಗ ಬಿಟ್ಟರು. ಮಧ್ಯದಲ್ಲಿಟ್ಟರೆ ಅರಳುವುದಿಲ್ಲ ಎಂದರು. ಮೈಕ್ರೋವೇವ್ ಗುಂಯ್ ಎಂದಿತು. ಅಪ್ಪ ಮಗಳು ಇಬ್ಬರೂ ಬಗ್ಗಿ ಗಾಜಿನ ಬಾಗಿಲಿನೊಳಗೆ ನೋಡಿದರು.

"ಚಟಪಟ ಅನ್ನುತ್ತಲ್ಲ, ಕೇಳಿಸ್ಕೋ. ಅದು ನಿಲ್ತಾ ಇದ್ದ ಹಾಗೆ ಆಫ್ ಮಾಡ್ಬೇಕು. ಆಮೇಲೆ ಬಿಟ್ರೆ ಸೀದೋಗುತ್ತೆ. ನಿಮ್ಮ ಹಾಸ್ಟೆಲಿನ ಮೈಕ್ರೋವೇವಲ್ಲಿ ಹೀಗೆ ಸೀದು ಅಲಾರಂ ಹೊಡ್ಕೊಂಡ್ರೆ ಎಲ್ರನ್ನೂ ಚಳೀಲಿ ಆಚೆ ನಿಲ್ಲಿಸ್ತಾರೆ."

ಬಾಗಿಲು ತೆಗೆದರೆ ನಾಲ್ಕೂ ಬೆಳ್ಳಗೆ ಅರಳಿ ಕೂತಿದ್ದವು. ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ. ಕೊಲೆಸ್ಟ್ರಾಲ್ ಎಂದು ನಕ್ಕಿದ್ದೆವಲ್ಲ! ಪುಟ್ಟಿ ಒಂದನ್ನು ಬಾಯಿಗೆ ಹಾಕಿಕೊಂಡಳು. ರೂಮಿಗೆ ಹೋಗಿ, ಅಷ್ಟು ಕಷ್ಟಪಟ್ಟು ಮುಚ್ಚಿದ್ದ ಸೂಟ್‌ಕೇಸಿನ ಜಿಪ್ ತೆಗೆದು, ಅಕ್ಕ ಕೊಡಿಸಿದ್ದ ಹೊಸ ಸ್ವೆಟರನ್ನು ಆಚೆ ಎಸೆದು, ಆ ಜಾಗದಲ್ಲಿ ಡಬ್ಬ ಇಟ್ಟಳು. ಅಕ್ಕ ಬೈಯದೆ ಮತ್ತೆ ಜಿಪ್ ಎಳೆದಳು.

ಮಗಳನ್ನು ಬಿಟ್ಟು ಬಂದ ಮೇಲೆ ಇಲ್ಲಿ ಮಳೆ ಹಿಡಿಯಿತು. ಎಲ್ಲರೂ ಹೇಳಿದರು, ಇನ್ನು ಮುಂದಿನ ಜುಲೈ ತನಕ ಭಾವ ಮನುಷ್ಯರಾಗಿರುತ್ತಾರೆ ಎಂದು. ಆದರೆ ಅಕ್ಟೋಬರಿನಲ್ಲಿ ಒಂದು ಭಾನುವಾರ, ಯಾರೂ ಕರೆಯದೆ, ಚೊಕ್ಕ ಬಿಸಿಲು ಬಂತು. ನಾನು ಎಜುಕೇಶನ್ ಹಿಲ್ಲಿಗೆ ಹೋದರೆ ಮನೆಯೆಲ್ಲ ಜೀರಿಗೆಯ ಘಮ! ಪುಟ್ಟಿ ಫೋನಿನಲ್ಲಿ ಡಬ್ಬ ಅರ್ಧ ಖಾಲಿಯಾಯಿತು, ರೂಮ್‌ಮೇಟುಗಳು ಬಿಡುವುದೇ ಇಲ್ಲ ಎಂದಿದ್ದಳಂತೆ. ಅಷ್ಟು ಸಾಕಾಗಿತ್ತು ಇವರಿಗೆ.

ಡೆಕ್ಕಿನಲ್ಲಿ ಆಗಲೇ ನೆರಳು. ಭಾವ ತಟ್ಟೆಗಳನ್ನು ಮಹಡಿಗೆ ತಂದು, ಪುಟ್ಟಿಯ ರೂಮಿನ ಹೊಸಿಲಿನ ಈಚೆ, ಬಾಗಿಲಿನಿಂದ ಹೊರಗೆ ಚಾಚಿದ ಒಂದು ಪಟ್ಟಿ ಬಿಸಿಲಿನಲ್ಲಿ ಸಾಲಾಗಿ ಇಡುತ್ತಿದ್ದರು. ಬಿಸಿಲು ಸರಿದ ಹಾಗೆಲ್ಲ ತಟ್ಟೆಯನ್ನೂ ಸರಿಸುತ್ತಿದ್ದರು. ಒಳಗೆ ಇಡೀ ರೂಮು ಬೆಳಕಿನಲ್ಲಿ ತುಂಬಿತ್ತು. ಖಾಲಿ ಮೇಜು, ಖಾಲಿ ಹಾಸಿಗೆ, ಕಿಟಕಿಯ ತುಂಬ ಬಿಸಿಲು. ಬೇಸಿಗೆಯಿಡೀ ಕಳ್ಳನ ಹಾಗೆ ನುಗ್ಗುತ್ತಿದ್ದ ಮನುಷ್ಯ, ಈಗ ಕೇಳುವವರೇ ಇಲ್ಲದಾಗ ಹೊಸಿಲು ದಾಟುತ್ತಿಲ್ಲ!

"ಭಾವ, ಒಳಗೇ ಇಡಬಹುದಲ್ವಾ? ಎಷ್ಟು ಚೆನ್ನಾಗಿ ಬಿದ್ದಿದೆ ಬಿಸಿಲು" ಎಂದೆ.

ಭಾವ ತಟ್ಟೆಯನ್ನು ಒಂದು ಗೇಣು ಸರಿಸಿದರು. ತಲೆ ಎತ್ತಲಿಲ್ಲ.

"ಪುಟ್ಟಿ ಬೇಡ ಅಂದಿದಾಳಲ್ಲಮ್ಮ" ಎಂದರು.